ಕಾಲೇ ಚುಕ್ಕಾಣಿ

ಕೇಳುಗರಿಗೆ ನಮಸ್ಕಾರ.

ಎಂಜಿನ್ ಇಲ್ಲ, ಗಾಲಿ ಇಲ್ಲ, ಕೂರಲು ಪೀಠವೂ ಇಲ್ಲ. ಸುಮಾರು 20 ಕಿಲೊ ತೂಕದ ರೆಕ್ಕೆಯೊಳಗೆ ತೋಳು ತೂರಿಸಿ, ಗಾಳಿಗೆ ಎದುರಾಗಿ ಇಳಿಜಾರಿನಲ್ಲಿ ಓಡಬೇಕು. ಜರ್ಮನಿಯ ಎಂಜಿನಿಯರ್ ಒಟ್ಟೊ ಲಿಲಿಯೆಂಥಾಲ್ ಗ್ಲೈಡರ್ ಎಂಬ ಈ ರೆಕ್ಕೆಯಲ್ಲಿ ಹಾರುತ್ತಿದ್ದದ್ದು ಹೀಗೆ. 1891ರಲ್ಲಿ ಡೆರ್ವಿಟ್ಸ್ ಬಳಿ ಅವರು ಹಾರಿದ ದೂರ 25 ಮೀಟರಿನ ಆಸುಪಾಸು. ಮುಂದೆ ರಿನೋ ಗುಡ್ಡಗಳಲ್ಲಿ ಅದು 250 ಮೀಟರಿಗೆ ಮುಟ್ಟಿತು.

1894ರಲ್ಲಿ ಅವರು ಮಾರಾಟಕ್ಕೇ ಒಂದು ಮಾದರಿ ಸಿದ್ಧಪಡಿಸಿದರು. ರೆಕ್ಕೆಯ ಅಗಲ 6.7 ಮೀಟರ್, ಹರವು 13 ಚದರ ಮೀಟರ್. ಎಲುಬುಗಳು ವಿಲ್ಲೋ ಮರದ ಕೋಲುಗಳು. ಅವುಗಳ ಮೇಲೆ ಬಿಗಿದ ಹತ್ತಿ ಬಟ್ಟೆ. ಬಟ್ಟೆಯ ರಂಧ್ರಗಳಿಂದ ಗಾಳಿ ಸೋರಿದರೆ ಎತ್ತುವ ಬಲವೂ ಸೋರುತ್ತದೆ, ಅದಕ್ಕೇ ಮೇಲೊಂದು ಲೇಪ. ಬಾವಲಿಯ ರೆಕ್ಕೆಯಂತೆ ಮಡಚಬಹುದಿತ್ತು. ಬೆಲೆ 500 ಮಾರ್ಕ್.

ಇನ್ನು ನಡೆಸುವ ಬಗೆ. ಮುಂಗೈಗಳು ಚೌಕಟ್ಟಿನ ಮೆತ್ತೆಗಳಲ್ಲಿ, ಹಿಡಿ ಅಡ್ಡಪಟ್ಟಿಯ ಮೇಲೆ. ಸೊಂಟದಿಂದ ಕೆಳಗಿನ ದೇಹ ತೂಗಾಡುತ್ತಿರುತ್ತದೆ. ಗ್ಲೈಡರ್‌ನ ಮೂತಿ ಮೇಲೆದ್ದರೆ ಕಾಲು ಮುಂದಕ್ಕೆ. ಬಲರೆಕ್ಕೆ ಕುಸಿದರೆ ಕಾಲು ಎಡಕ್ಕೆ, ಅಂದರೆ ಮೇಲೆದ್ದ ರೆಕ್ಕೆಯ ಕಡೆಗೆ. ಹೊಸಬರು ತಪ್ಪುವುದು ಇಲ್ಲೇ. ಬೀಳುವ ಕಡೆ ನೆಲಕ್ಕೆ ಕಾಲು ಚಾಚುವುದು ಮನುಷ್ಯಸಹಜ. ಆದರೆ ಹಾಗೆ ಚಾಚಿದರೆ ಕುಸಿದ ರೆಕ್ಕೆಗೇ ಇನ್ನಷ್ಟು ಭಾರ. ಇಳಿಯುವಾಗ ಮಾತ್ರ ಬೇಕೆಂದೇ ದೇಹವನ್ನು ಹಿಂದಕ್ಕೆ ಒಯ್ದು ಮೂತಿ ಎತ್ತಬೇಕು. ಕಾಗೆ ಗೋಡೆಯ ಮೇಲೆ ಕೂರುವ ಮುನ್ನ ಮಾಡುವುದೂ ಅದನ್ನೇ: ವೇಗ ಸಾಯುತ್ತದೆ, ಕಾಲು ನೆಲಕ್ಕೆ ತಾಗುತ್ತದೆ.

ಬರ್ಲಿನ್‌ನ ಲಿಖ್ಟರ್‌ಫೆಲ್ಡೆಯಲ್ಲಿ ಅವರು 15 ಮೀಟರ್ ಎತ್ತರದ ದಿಬ್ಬವನ್ನೇ ಕಟ್ಟಿಸಿಕೊಂಡರು. ಆಕಾರ ಶಂಕುವಿನದು. ಗಾಳಿ ಯಾವ ದಿಕ್ಕಿನಿಂದ ಬೀಸಿದರೂ ಅದಕ್ಕೆದುರಾಗಿ ಓಡಲು ಒಂದು ಇಳಿಜಾರು ಸಿಕ್ಕೇ ಸಿಗುತ್ತಿತ್ತು. ಬುದ್ಧಿವಂತ ಖರ್ಚು!

ಆದರೆ ತೋಳಿನಲ್ಲಿ ಜೋತಾಡುವವನಿಗೆ ತನ್ನ ಭಾರವನ್ನು ಎಷ್ಟು ದೂರ ಸರಿಸಲಾದೀತು? ತಲೆ, ತೋಳು, ಎದೆ ಎಲ್ಲ ಚೌಕಟ್ಟಿಗೆ ಸಿಕ್ಕಿಕೊಂಡಿರುತ್ತವೆ. 1894ರಲ್ಲಿ ಒಮ್ಮೆ ದೇಹ ಹಿಂದಕ್ಕೆ ಸರಿದು, ತೋಳಿಗೆ ಅದನ್ನು ಮುಂದಕ್ಕೆಳೆಯುವ ಶಕ್ತಿ ಸಾಲದೆ, ಗ್ಲೈಡರ್ ಮೇಲೆದ್ದು ಮೂತಿ ಕೆಳಗಾಗಿ ಬಿತ್ತು. ಮುಂದೆ ಕಟ್ಟಿದ್ದ ವಿಲ್ಲೋ ಬಳೆ ತಾನು ಮುರಿದು ಅವರನ್ನು ಉಳಿಸಿತು.

1896ರ ಆಗಸ್ಟ್ 9ರಂದು ಸ್ಟೋಲ್ನ್ ಬಳಿಯ ಗೋಲನ್‌ಬರ್ಗ್ ಗುಡ್ಡದಿಂದ ಹಾರಿದಾಗ ಗ್ಲೈಡರ್ ಗಾಳಿಯಲ್ಲೇ ತಡೆದು ನಿಂತಿತು. ಕಾಲು ಮುಂದಕ್ಕೆ ಬೀಸಿದ್ದು ಸಾಲಲಿಲ್ಲ. ಸುಮಾರು 15 ಮೀಟರಿನಿಂದ ಬಿದ್ದು ಬೆನ್ನುಮೂಳೆ ಮುರಿಯಿತು. ಮರುದಿನ ಬರ್ಲಿನ್‌ನಲ್ಲಿ ತೀರಿಕೊಂಡರು. ಆಗ ವಯಸ್ಸು 48.

ರೆಕ್ಕೆಯೇ ಕೆಟ್ಟದ್ದು ಎನ್ನುವಂತಿಲ್ಲ. 2016ರಲ್ಲಿ ಅದರ ಪ್ರತಿಕೃತಿಯನ್ನು ಗಾಳಿಸುರಂಗದಲ್ಲಿಟ್ಟು ಪರೀಕ್ಷಿಸಿದಾಗ ಅದು ಸ್ಥಿರವಾಗಿಯೇ ನಿಂತಿತು. ಇಂದಿನ ಹ್ಯಾಂಗ್ ಗ್ಲೈಡರ್‌ನಲ್ಲೂ ಮೈಭಾರವೇ ಚುಕ್ಕಾಣಿ. ಅಲ್ಲಿ ಮಾತ್ರ ಹಾರುವವರು ಪಟ್ಟಿಯಿಂದ ತೂಗುತ್ತಾರೆ, ತೋಳಿಗೆ ಭಾರ ಹೊರುವ ಕೆಲಸವಿಲ್ಲ, ಇಡೀ ದೇಹ ಸರಿಯುತ್ತದೆ.