ಗೋಡೆ ಮೇಲಿನ ಮೊಲ ಹೊಡೆದವರು ಯಾರು?

ಸತ್ತ ಮೊಲ. ಹಿಂಗಾಲಿಗೆ ದಾರ ಕಟ್ಟಿ ತಲೆಕೆಳಗಾಗಿ ತೂಗುಹಾಕಿದ್ದಾರೆ. ಹೊಟ್ಟೆಯ ಬಿಳಿ ತುಪ್ಪಳ ಎಳೆ ಎಳೆಯಾಗಿ ಕಾಣುತ್ತೆ. ಪಕ್ಕದಲ್ಲಿ ಕೌಜುಗದ ಹಕ್ಕಿ, ಕೋವಿ, ಕೋವಿಮದ್ದು ತುಂಬಿಡೋ ಕೊಂಬು. ದೂರದಲ್ಲಿ ಉದ್ಯಾನ, ಕಲ್ಲಿನ ಪ್ರತಿಮೆ. 17ನೇ ಶತಮಾನದ ಕೊನೆಯಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಯಾನ್ ವೇನಿಕ್ಸ್ ಇಂಥ ಚಿತ್ರಗಳನ್ನ ಮತ್ತೆ ಮತ್ತೆ ಬರೆದ.

ನೋಡಿದವರೆಲ್ಲ ಆ ತುಪ್ಪಳದ ಬಗ್ಗೆನೇ ಮಾತಾಡ್ತಾರೆ. ಕೈಚಳಕ ದೊಡ್ಡದು, ಒಪ್ತೀನಿ. ಆದರೆ ನನಗೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಒಂದಿದೆ. ಈ ಮೊಲ ಹೊಡೆಯೋ ಹಕ್ಕು ಯಾರಿಗಿತ್ತು?

ಆಗಿನ ಡಚ್ ಗಣರಾಜ್ಯದಲ್ಲಿ, ಅಂದರೆ ಇವತ್ತಿನ ನೆದರ್‌ಲ್ಯಾಂಡ್ಸ್‌ನಲ್ಲಿ, ರಾಜ ಇರಲಿಲ್ಲ, ವರ್ತಕರದೇ ಕಾರುಬಾರು. ಹಾಗಿದ್ದೂ ಬೇಟೆ ಮಾತ್ರ ಬಹುಮಟ್ಟಿಗೆ ಹಳೇ ಕುಲೀನ ಮನೆತನಗಳ ಕೈಯಲ್ಲೇ ಉಳಿದಿತ್ತು. ಮೆಣಸು, ಸಕ್ಕರೆ ಮಾರಿ ದುಡ್ಡು ಮಾಡಿದವರು ಫೆಖ್ಟ್ ನದಿ ದಂಡೆಯಲ್ಲಿ ಭರ್ಜರಿ ತೋಟದ ಮನೆ ಕಟ್ಟಿಸಿದರು. ಆದರೆ ಬೇಟೆಯ ಹಕ್ಕು ಹೆಚ್ಚಾಗಿ ಹುಟ್ಟಿನಿಂದ ಬರ್ತಿತ್ತು, ಅಂಗಡಿಯಲ್ಲಿ ಸಿಗ್ತಿರಲಿಲ್ಲ. ಹಾಗಾಗಿ ಬೇಟೆಯ ಚಿತ್ರವನ್ನ ತಂದು ಗೋಡೆಗೆ ಹಾಕಿದರು.

ವಿಲೆಮ್ ಫಾನ್ ಆಲ್ಸ್ಟ್ ಅಂತ ಇನ್ನೊಬ್ಬ ಚಿತ್ರಕಾರ ಇದ್ದ. ಇಟಲಿಯ ಫ್ಲಾರೆನ್ಸ್‌ನಲ್ಲಿ ಮೆಡಿಚಿ ದೊರೆಗಳಿಗೆ ಚಿತ್ರ ಬರೆದುಕೊಟ್ಟು, 1657ರಲ್ಲಿ ಆಮ್‌ಸ್ಟರ್‌ಡ್ಯಾಮ್‌ಗೆ ಬಂದು ನೆಲೆಸಿದ. ಅವನ ಚಿತ್ರಗಳಲ್ಲಿ ಅಮೃತಶಿಲೆಯ ಕಟ್ಟೆ, ಜರಿ ಅಂಚಿನ ವೆಲ್ವೆಟ್ ಬೇಟೆಚೀಲ, ಡೇಗೆಯ ತಲೆಗೆ ಹಾಕೋ ಪುಟ್ಟ ಕುಲಾವಿ. ಆ ಕುಲಾವಿಯನ್ನ ಹತ್ತಿರದಿಂದ ನೋಡಿ. ಡೇಗೆ ಸಾಕಿ ಬೇಟೆಯಾಡೋದು ರಾಜಮನೆತನಗಳ ಆಟ. ಒಬ್ಬ ವರ್ತಕನ ಊಟದ ಕೋಣೆಗೆ ಅರಮನೆಯ ಗತ್ತು ಬಂದಿದ್ದು ಇಂಥ ಸಣ್ಣ ಸಾಮಾನುಗಳಿಂದ.

ಇನ್ನು ಹೊಟ್ಟೆಗೆ ಮಾಂಸ ಬೇಕಿದ್ದವರ ಗತಿ? ಇಂಗ್ಲೆಂಡಿನ 1671ರ ಕಾನೂನಿನ ಪ್ರಕಾರ ವರ್ಷಕ್ಕೆ 100 ಪೌಂಡ್ ಹುಟ್ಟುವಳಿಯ ಸ್ವಂತ ಜಮೀನು, ಇಲ್ಲವೇ 150 ಪೌಂಡಿನ ದೀರ್ಘಾವಧಿ ಗುತ್ತಿಗೆ ಜಮೀನು ಇದ್ದವರು, ದೊಡ್ಡ ಮನೆತನದವರಷ್ಟೇ ಮೊಲ, ಕೌಜುಗ ಹೊಡೆಯಬಹುದಿತ್ತು. ತನ್ನ ಪೈರು ಮೇಯೋಕೆ ಬಂದ ಮೊಲವನ್ನ ಸಣ್ಣ ರೈತ ಹೊಡೆದರೆ ಅವನೇ ಅಪರಾಧಿ. ಫ್ರಾನ್ಸ್‌ನ ರೈತರಿಗೂ ಇದೇ ಸಂಕಟ. 1789ರ ಆಗಸ್ಟ್ 4ರ ರಾತ್ರಿ ಕ್ರಾಂತಿಯ ಹೊತ್ತಿನ ಅಲ್ಲಿನ ರಾಷ್ಟ್ರೀಯ ಸಭೆ ಕುಲೀನರ ಸವಲತ್ತುಗಳನ್ನ ಕಿತ್ತುಹಾಕಿದಾಗ ಬೇಟೆಯ ಹಕ್ಕೂ ಅದರಲ್ಲಿ ಸೇರಿತ್ತು. ಮೊಲ ಅಷ್ಟು ದೊಡ್ಡ ರಾಜಕೀಯ ಆಗಿತ್ತು.

ಮ್ಯೂಸಿಯಂನಲ್ಲಿ ಈ ಚಿತ್ರಗಳ ಪಕ್ಕದ ಫಲಕದಲ್ಲಿ ಬಣ್ಣ, ಬೆಳಕು, ಕುಂಚದ ಜೊತೆಗೆ ಒಂದು ಸಾಲು ಸೇರಿಸಲಿ: ಈ ಪ್ರಾಣಿಯನ್ನ ಹೊಡೆಯೋಕೆ ಯಾರಿಗೆ ಅನುಮತಿ ಇತ್ತು, ಹೊಡೆದು ಸಿಕ್ಕಿಬಿದ್ದವರಿಗೆ ಏನಾಗ್ತಿತ್ತು. ಆಮೇಲೆ ಆ ತುಪ್ಪಳವನ್ನ ಇನ್ನೊಂದು ಸಲ ನೋಡೋಣ.