ಕಾಲು ಕೊಳಕಾಗಿದ್ದರೆ ಮೂರು ಪೆನ್ಸ್ ದಂಡ

[ಕತ್ತಲು. ಕಡ್ಡಿ ಗೀರಿದ ಸದ್ದು. ಸಣ್ಣ ಜ್ವಾಲೆ.]

ನಿರೂಪಣೆ: ನಮಸ್ಕಾರ. 1888ರ ಪೂರ್ವ ಲಂಡನ್ನಿಗೆ ಹೋಗೋಣ. ಬೋ ಎಂಬಲ್ಲಿ ಬ್ರ್ಯಾಂಟ್ ಆ್ಯಂಡ್ ಮೇ ಕಂಪನಿಯ ಬೆಂಕಿಪೊಟ್ಟಣದ ಕಾರ್ಖಾನೆ. ಹದಿನಾರರ ಹುಡುಗಿಗೆ ಅಲ್ಲಿ ವಾರಕ್ಕೆ ನಾಲ್ಕು ಶಿಲಿಂಗ್ ಕೂಲಿ, ಅಂದರೆ 48 ಪೆನ್ಸ್. ಕಾಲು ಕೊಳಕಾಗಿದ್ದರೆ 3 ಪೆನ್ಸ್ ದಂಡ. ಪಕ್ಕದವಳೊಡನೆ ಮಾತಾಡಿದರೂ ದಂಡ. ತಡವಾಗಿ ಬಂದವಳಿಗೆ ಅರ್ಧ ದಿನ ಬಾಗಿಲೇ ತೆರೆಯುತ್ತಿರಲಿಲ್ಲ. ಅದರ ಹಿಂದಿನ ವರ್ಷ ಷೇರುದಾರರ ಕೈಸೇರಿದ್ದು ಶೇ 23 ಲಾಭಾಂಶ.

[ಕೆಲಸದ ಮೇಜು. ಕಡ್ಡಿಗಳ ನಡುವೆ ಒಂದು ತುಂಡು ಬ್ರೆಡ್.]

ಈ ಬ್ರೆಡ್ಡನ್ನು ಗಮನಿಸಿ. ಊಟಕ್ಕೆ ಬೇರೆ ಕೋಣೆ ಇರಲಿಲ್ಲ. ಕಡ್ಡಿಯ ತಲೆಗೆ ಹಚ್ಚುವುದು ಬಿಳಿ ರಂಜಕ. ಅದರ ಹೊಗೆ ಸುಳಿಯುವಲ್ಲೇ, ಅದು ಮೆತ್ತಿದ ಕೈಯಲ್ಲೇ ತಿನ್ನಬೇಕು. ಮೊದಲು ಹಲ್ಲುನೋವು, ಆಮೇಲೆ ಕೀವು, ಕೊನೆಗೆ ದವಡೆಯ ಮೂಳೆಯೇ ಕೊಳೆಯುತ್ತಿತ್ತು. ಮೂಳೆ ಕತ್ತರಿಸಿ ತೆಗೆಯುವುದೇ ವೈದ್ಯರಿಗಿದ್ದ ದಾರಿ.

ಜೂನ್‌ನಲ್ಲಿ ಇದನ್ನೆಲ್ಲ ಪತ್ರಿಕೆಯಲ್ಲಿ ಬಯಲಿಗೆಳೆದವರು ಆನಿ ಬೆಸೆಂಟ್. ಹೌದು, ಮುಂದೆ ಹೋಂ ರೂಲ್ ಚಳವಳಿ ಕಟ್ಟಿ, 1917ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾದ ನಮ್ಮ ಪಠ್ಯಪುಸ್ತಕದ ಬೆಸೆಂಟರೇ! ಬರೆದದ್ದು ಸುಳ್ಳೆಂದು ಸಹಿ ಹಾಕಿ ಎಂದು ಕಂಪನಿ ಹುಡುಗಿಯರನ್ನು ಒತ್ತಾಯಿಸಿತು. ಅವರು ಹಾಕಲಿಲ್ಲ. ಜುಲೈ ಮೊದಲ ವಾರ ಒಬ್ಬಳನ್ನು ಕೆಲಸದಿಂದ ತೆಗೆದದ್ದೇ ತಡ, ಸುಮಾರು 1,400 ಮಂದಿ ಹೊರಗೆ ಬಂದರು.

ಈ ಮುಷ್ಕರದ ಕೀರ್ತಿ ಸಾಮಾನ್ಯವಾಗಿ ಬೆಸೆಂಟರಿಗೇ ಸಲ್ಲುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಅವರು ಕೇಳಿದ್ದು ಆ ಕಂಪನಿಯ ಕಡ್ಡಿ ಕೊಳ್ಳಬೇಡಿ ಎಂದು. ಕೆಲಸ ನಿಲ್ಲಿಸಿದ್ದು ಹುಡುಗಿಯರ ಸ್ವಂತ ತೀರ್ಮಾನ. ನಿಲ್ಲಿಸಿದ ಮೇಲೆ ಅವರೇ ಬೆಸೆಂಟರ ಕಚೇರಿಗೆ ನಡೆದುಹೋದರು. ಹಣ ಕೂಡಿಸಿ, ಸುದ್ದಿ ಹಬ್ಬಿಸಿ ಬೆನ್ನಿಗೆ ನಿಂತದ್ದು ಬೆಸೆಂಟರ ಪಾಲು, ಅದೇನೂ ಸಣ್ಣದಲ್ಲ.

[ಸಂಸತ್ ಭವನದ ಚಿತ್ರ.]

ಹುಡುಗಿಯರ ನಿಯೋಗ ಸಂಸತ್ತಿಗೂ ಹೋಯಿತು. ಎರಡು ವಾರದೊಳಗೆ ಕಂಪನಿ ಮಣಿಯಿತು. ದಂಡ ರದ್ದಾಯಿತು, ಊಟಕ್ಕೆ ಬೇರೆ ಕೋಣೆ ಬಂತು, ಹುಡುಗಿಯರದೇ ಸಂಘ ಹುಟ್ಟಿತು. ಮರುವರ್ಷ ಲಂಡನ್ ಬಂದರಿನ ಕೂಲಿಗಳೂ ಮುಷ್ಕರ ಹೂಡಿ ಗೆದ್ದರು.

ಬಿಳಿ ರಂಜಕ ಮಾತ್ರ ಹೋಗಲಿಲ್ಲ. ದವಡೆ ಕೊಳೆತ 17 ಪ್ರಕರಣಗಳನ್ನು ವರದಿ ಮಾಡದೆ ಮುಚ್ಚಿಟ್ಟದ್ದಕ್ಕೆ 1898ರಲ್ಲಿ ನ್ಯಾಯಾಲಯ ಕಂಪನಿಗೇ ದಂಡ ಹಾಕಿತು.

[ತೆರೆಯ ಮೇಲೆ ಅಕ್ಷರಗಳು: ದಂಡ 25 ಪೌಂಡ್ 9 ಶಿಲಿಂಗ್. ಕಡ್ಡಿ ಆರುತ್ತದೆ.]