ಫ್ಯಾಂಟಮ್ ಅನ್ನುವ ಕೆಲಸ

ಎಲ್ಲರಿಗೂ ನಮಸ್ಕಾರ. ನನಗಿಂತ ಮೊದಲು ಮಾತಾಡಿದ ಗೆಳೆಯರು ಕಾಮಿಕ್ಸ್‌ನ ಫ್ಯಾಂಟಮ್ ಸೂಪರ್ ಹೀರೋನೇ ಅಲ್ಲ, ಅವನಿಗೆ ಹಾರೋಕೆ ಬರಲ್ಲ, ಗುಂಡು ತಗುಲಿದರೆ ರಕ್ತ ಸುರಿಯುತ್ತೆ ಅಂದರು. ನಿಜ. ನನಗೆ ಅವನು ಇಷ್ಟವಾಗಿದ್ದೇ ಅದಕ್ಕೆ. ಸೂಪರ್‌ಮ್ಯಾನ್ ಬಂದಿದ್ದು 1938ರಲ್ಲಿ. ಅದಕ್ಕೂ ಎರಡು ವರ್ಷ ಮೊದಲೇ, 1936ರ ಫೆಬ್ರುವರಿಯಲ್ಲಿ, ಕಥೆಗಾರ ಲೀ ಫಾಕ್ ಅಮೆರಿಕದ ಪೇಪರ್‌ಗಳ ಕಾಮಿಕ್ ಸ್ಟ್ರಿಪ್‌ನಲ್ಲಿ ಫ್ಯಾಂಟಮ್‌ನನ್ನು ತಂದಿದ್ದರು. ಮೈಗಂಟಿದ ಬಟ್ಟೆ, ಕಣ್ಣುಗುಡ್ಡೆ ಕಾಣದ ಮುಖವಾಡ, ತಲೆಬುರುಡೆ ಉಂಗುರ ಎಲ್ಲ ಇತ್ತು, ಮಾಯದ ಶಕ್ತಿ ಮಾತ್ರ ಇರಲಿಲ್ಲ.

ಕಥೆ ನಿಮಗೆಲ್ಲ ಗೊತ್ತು. 1536ರಲ್ಲಿ ಕಡಲ್ಗಳ್ಳರ ಕೈಯಲ್ಲಿ ಅಪ್ಪನನ್ನು ಕಳೆದುಕೊಂಡು ದಡಕ್ಕೆ ಬಂದು ಬಿದ್ದವನು, ಆ ಕೊಲೆಗಾರನ ತಲೆಬುರುಡೆ ಮುಟ್ಟಿ, ಕಡಲ್ಗಳ್ಳತನ, ಅನ್ಯಾಯದ ವಿರುದ್ಧ ನಾನೂ ನನ್ನ ಮಕ್ಕಳೂ ಹೋರಾಡುತ್ತೇವೆ ಅಂತ ಆಣೆ ಮಾಡಿದ. ಅವನಾದ ಮೇಲೆ ಮಗ, ಆಮೇಲೆ ಮೊಮ್ಮಗ. ನಾವು ಓದಿದವನು ಇಪ್ಪತ್ತೊಂದನೆಯವನು. ಕಾಡಿನ ಜನ ಮಾತ್ರ ಒಬ್ಬನೇ ನಾನೂರು ವರ್ಷದಿಂದ ಸಾಯದೆ ಓಡಾಡುತ್ತಿದ್ದಾನೆ ಅಂದುಕೊಂಡಿದ್ದಾರೆ. ಹಾಗಾಗಿ ಫ್ಯಾಂಟಮ್ ಅನ್ನುವುದು ಒಂದು ಕೆಲಸದ ಹೆಸರು. ನಮ್ಮ ಊರುಗಳಲ್ಲಿ ಶಾನುಭೋಗಿಕೆ ಅಪ್ಪನಿಂದ ಮಗನಿಗೆ ಬರುತ್ತಿತ್ತಲ್ಲ, ಹಾಗೆ. ಇದನ್ನು ಇವತ್ತು ಇನ್ನೂ ಎರಡು ಮೂರು ಸಲ ಹೇಳುತ್ತೇನೆ.

ನನಗೆ ಅವನು ಸಿಕ್ಕಿದ್ದು ಇಂದ್ರಜಾಲ ಕಾಮಿಕ್ಸ್‌ನಲ್ಲಿ. 1964ರಿಂದ 1990ರವರೆಗೆ ಬರುತ್ತಿತ್ತು ಅದು. ಫ್ಯಾಂಟಮ್‌ನ ಕಾಡಿರುವ ದೇಶ, ಮೂಲದ ಬಂಗಾಲ್ಲಾ, ಅದರಲ್ಲಿ ಡೆಂಕಾಲಿ ಆಗಿತ್ತು, ಸಿಂಗ್ ಕಡಲ್ಗಳ್ಳರು ಸಿಂಗಾ ಆಗಿದ್ದರು. ಬಾಡಿಗೆ ಅಂಗಡಿಯಿಂದ ತಂದರೆ ಮರುದಿನ ಸಂಜೆಯೊಳಗೆ ವಾಪಸ್ ಕೊಡಬೇಕಿತ್ತು.

ಫ್ಯಾಂಟಮ್ ಗುದ್ದಿದರೆ ಉಂಗುರದ ತಲೆಬುರುಡೆ ಗುರುತು ಕಳ್ಳರ ದವಡೆಯ ಮೇಲೆ ಅಳಿಯದೆ ಉಳಿಯುತ್ತೆ. ನಾನು ನಾಲ್ಕನೇ ಕ್ಲಾಸಿನಲ್ಲಿ ಇರಬೇಕು. ಒಂದು ದೊಡ್ಡ ರಬ್ಬರ್ ತಗೊಂಡು ಬ್ಲೇಡಿನಲ್ಲಿ ತಲೆಬುರುಡೆ ಕೆತ್ತಿದೆ. ಎರಡು ಕಣ್ಣು ಸರಿ ಬಂತು, ಹಲ್ಲಿನ ಹತ್ತಿರ ಬ್ಲೇಡ್ ಜಾರಿ ಹೆಬ್ಬೆರಳು ಕೊಯ್ದುಕೊಂಡಿತು. ಅಪ್ಪನ ಮೇಜಿನ ಮೇಲೊಂದು ಹಳೇ ಸ್ಟ್ಯಾಂಪ್ ಪ್ಯಾಡ್ ಇತ್ತು, ನೇರಳೆ ಇಂಕಿನದು. ಫ್ಯಾಂಟಮ್ ಬಟ್ಟೆಯ ಬಣ್ಣವೇ! ರಬ್ಬರನ್ನು ಅದ್ದಿ, ಮುಷ್ಟಿಯಲ್ಲಿ ಹಿಡಿದು, ಪಕ್ಕದ ಮನೆ ಹುಡುಗನ ದವಡೆಗೆ ಒಂದು ಇಟ್ಟೆ. ಮುದ್ರೆ ಚೆನ್ನಾಗಿಯೇ ಬಿತ್ತು, ಆದರೆ ಎಷ್ಟು ಉಜ್ಜಿದರೂ ಹೋಗಲಿಲ್ಲ. ಸಂಜೆ ಅವನ ಅಮ್ಮ ಅವನ ಕೈ ಹಿಡಿದುಕೊಂಡು ನಮ್ಮ ಮನೆಗೆ ಬಂದರು. "ನೋಡಿ ನಿಮ್ಮ ಮಗ ಮಾಡಿರೋ ಕೆಲಸ!"

ಅಪ್ಪ ಹುಡುಗನ ಗಲ್ಲ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ನನಗೆ ಬೀಳುತ್ತೆ ಅಂತ ಕಾಯುತ್ತಾ ನಿಂತಿದ್ದೆ. ಅವರು ಕೇಳಿದ್ದು ಒಂದೇ ಮಾತು. "ಬಲಗೈ ಉಂಗುರ ಕಳ್ಳರಿಗಲ್ವೇನೋ? ಇವನೇನು ಕದ್ದಿದ್ದಾನೆ?"

ಅಪ್ಪನೂ ಓದುತ್ತಿದ್ದರು! ನಾನು ಮಲಗಿದ ಮೇಲೆ, ಮರುದಿನ ವಾಪಸ್ ಹೋಗುವ ಪುಸ್ತಕವನ್ನು ಅವರೂ ಓದಿ ಮುಗಿಸುತ್ತಿದ್ದರಂತೆ. ಅಲ್ಲೇ ಕೂತು, ಅದೇ ರಬ್ಬರಿನ ಹಿಂಭಾಗದಲ್ಲಿ ಅಡ್ಡಡ್ಡ ಕತ್ತಿಗಳ ಒಳ್ಳೆಯ ಗುರುತು ಕೆತ್ತಿದರು. ಎಡಗೈ ಉಂಗುರದ್ದು ಅದು, ಹೃದಯಕ್ಕೆ ಹತ್ತಿರದ್ದು. ಅದನ್ನು ಆ ಹುಡುಗನ ಮಣಿಕಟ್ಟಿಗೆ ಮೆಲ್ಲಗೆ ಒತ್ತಿ, "ಇನ್ನು ನಿನ್ನನ್ನ ಯಾರೂ ಮುಟ್ಟೋ ಹಾಗಿಲ್ಲ" ಅಂದರು. ಅವನು ಒಂದು ವಾರ ಆ ಕೈ ತೊಳೆಯಲಿಲ್ಲ.

ಇನ್ನು ಸಿನಿಮಾಗಳು. 1943ರಲ್ಲಿ ಟಾಮ್ ಟೈಲರ್ ಮಾಡಿದ 15 ಕಂತಿನ ಸೀರಿಯಲ್ ಸಿನಿಮಾ ನೋಡಿ. ಕಪ್ಪು ಬಿಳುಪು, ಸೆಟ್ ಬಡವಾಗಿದೆ, ಆದರೆ ಶುರುವಿನಲ್ಲೇ ಅಪ್ಪ ಸಾಯುತ್ತಾನೆ, ಮಗ ಬಂದು ಕೆಲಸ ವಹಿಸಿಕೊಳ್ಳುತ್ತಾನೆ. ಸಾಕು, ಅದು ಫ್ಯಾಂಟಮ್. 1996ರ ಬಿಲ್ಲಿ ಜೇನ್ ಸಿನಿಮಾ ಓಡಲಿಲ್ಲ. ಆದರೂ ಅದರಲ್ಲಿ ಸತ್ತ ಅಪ್ಪ ಬಂದು ಮಗನ ಜೊತೆ ಮಾತಾಡುತ್ತಾನಲ್ಲ, ಅದಕ್ಕಾಗಿ ಎಷ್ಟು ಸಲ ಬೇಕಾದರೂ ನೋಡುತ್ತೇನೆ.

ನನಗೆ ಸಿಟ್ಟು ಬರುವುದು 1986ರ ಕಾರ್ಟೂನ್ ಸರಣಿಯ ಮೇಲೆ. ಫ್ಯಾಂಟಮ್, ಮಾಂಡ್ರೇಕ್, ಫ್ಲ್ಯಾಶ್ ಗಾರ್ಡನ್ ಅನ್ನುವ ಕಾಮಿಕ್ ಹೀರೋಗಳೆಲ್ಲ ಒಟ್ಟಿಗೆ ಇರುವುದು. ಅದರಲ್ಲಿ ಇವನು ಮಂತ್ರ ಹೇಳಿದರೆ ಹತ್ತು ಹುಲಿಗಳ ಬಲ ಮೈಗೆ ಬಂದುಬಿಡುತ್ತೆ. ಅಯ್ಯೋ, ಹತ್ತು ಹುಲಿಯ ಬಲ ಅನ್ನುವುದು ಕಾಡಿನ ಗಾದೆ! ಬೆಂಕಿ ಸುತ್ತ ಕೂತ ಅಜ್ಜ ಮೊಮ್ಮಕ್ಕಳಿಗೆ ಹೇಳುವ ಮಾತು. ಅವನ ಬಲ ಇರುವುದು ಆ ಅಜ್ಜನ ಬಾಯಲ್ಲಿ. ಅದನ್ನು ತಂದು ಇವನ ತೋಳಿಗೆ ತುಂಬಿದರೆ, ಇಪ್ಪತ್ತು ತಲೆಮಾರು ಬರೀ ಧೈರ್ಯದ ಮೇಲೆ ಮಾಡಿದ ಕೆಲಸಕ್ಕೆ ಏನು ಬೆಲೆ? ಪಪುವಾ ನ್ಯೂಗಿನಿಯ ವಾಗಿ ಕಣಿವೆಯ ಜನ ತಮ್ಮ ಯುದ್ಧದ ಗುರಾಣಿಗಳ ಮೇಲೆ ಫ್ಯಾಂಟಮ್‌ನನ್ನು ಬರೆದುಕೊಂಡರು. ಅವರಿಗೆ ಬೇಕಾಗಿದ್ದು ಸಾಯದವನು ಅನ್ನುವ ಮಾತು. ಅವರಿಗೆ ಫ್ಯಾಂಟಮ್ ಅರ್ಥವಾಗಿದ್ದ.

ಚೀಟಿ ಬಂತು, ಐದೇ ನಿಮಿಷ ಅಂತೆ. 1994ರ ಫ್ಯಾಂಟಮ್ 2040 ಕಾರ್ಟೂನ್ ಸರಣಿ ಬಗ್ಗೆ ಜಾಸ್ತಿ ಹೇಳಬೇಕಿತ್ತು. ಅದರಲ್ಲಿ ಇಪ್ಪತ್ನಾಲ್ಕನೆಯವನು ಇದ್ದಾನೆ, ಕಾಡಿನ ಬದಲು ಊರಿದೆ, ಆದರೆ ಕೆಲಸ ಅದೇ. ವಿಡಿಯೋ ಗೇಮೂ ಬಂತು. ಹದಿನೇಳನೆಯವನ ಅವಳಿ ತಂಗಿ ಜೂಲಿ ಅಣ್ಣನಿಗೆ ಪೆಟ್ಟಾದಾಗ ಮುಖವಾಡ ಹಾಕಿಕೊಂಡ ಕಥೆಯನ್ನು ಹುಡುಕಿ ಓದಿ, ಇಲ್ಲಿರುವ ಹೆಣ್ಣುಮಕ್ಕಳು ಮುಖ್ಯವಾಗಿ. ಲೀ ಫಾಕ್ 1999ರಲ್ಲಿ ತೀರಿಕೊಳ್ಳುವವರೆಗೂ ಕಥೆ ಬರೆಯುತ್ತಲೇ ಇದ್ದರು. ಆಮೇಲೂ ಸ್ಟ್ರಿಪ್ ನಿಲ್ಲಲಿಲ್ಲ, ಬೇರೆಯವರು ವಹಿಸಿಕೊಂಡರು. ಮತ್ತೆ ಅದೇ ಮಾತು ಬಂತು ನೋಡಿ.

ಆ ರಬ್ಬರ್ ತಂದಿದ್ದೇನೆ. ಅಂಚು ಬಿರುಕು ಬಿಟ್ಟಿದೆ, ಆದರೆ ಅಪ್ಪ ಕೆತ್ತಿದ ಕಡೆ ಇನ್ನೂ ಚೆನ್ನಾಗಿ ಮೂಡುತ್ತೆ. ಪ್ಯಾಡ್ ಹೊಸದು, ಇಂಕು ನೇರಳೆ. ಮಕ್ಕಳೆಲ್ಲ ಊಟಕ್ಕೆ ಹೋಗುವ ಮುಂಚೆ ಇಲ್ಲಿಗೆ ಬನ್ನಿ, ಸಾಲಾಗಿ. ಎಡಗೈ ಗುರುತು ಮಾತ್ರ ಹಾಕುತ್ತೇನೆ.